ಹಸೆಹಾಡಿನ ಶ್ರುತಿ

ಕೊಪ್ಪದ ಅತ್ತೆ ಅಂದರೆ ಅಪ್ಪನ ಅಕ್ಕ. ಬಾಯಲ್ಲಿ ಬೆಣ್ಣೆ, ಬಗಲಲ್ಲಿ ದೊಣ್ಣೆ. ಭಜನಾ ಮಂಡಳಿಯ ಯಜಮಾನಿಕೆ ಅವಳದ್ದೇ. ನೆಂಟರ ಮದುವೆಗಳಲ್ಲಿ ಹಸೆಯ ಹಾಡನ್ನು ಯಾವ ಶ್ರುತಿಯಲ್ಲಿ ಎತ್ತಬೇಕೆಂದು ತೀರ್ಮಾನಿಸುವವಳೂ ಅವಳೇ.

ಆ ಹಾಡಿನ ಒಂದು ನುಡಿಯನ್ನು ಹೆತ್ತವಳು ಒಬ್ಬಳೇ ಹಾಡುವುದು ನಮ್ಮಲ್ಲಿ ಪದ್ಧತಿ. ನನ್ನ ಮದುವೆಯಲ್ಲಿ ಅದನ್ನು ಚೆನ್ನಾಗಿ ಹಾಡಬೇಕೆಂಬುದು ಅಮ್ಮನ ದೊಡ್ಡ ಆಸೆ. ಥೈರಾಯ್ಡ್ ಆಪರೇಷನ್ ಆದಮೇಲೆ ಅವಳ ದನಿ ಕೆಳಗಿಳಿದಿತ್ತು; ಮೇಲಿನ ಸ್ವರ ಮುಟ್ಟಿದರೆ ಒಡೆಯುತ್ತಿತ್ತು. ಅದಕ್ಕೆಂದೇ ಮೊಬೈಲಿನ ತಂಬೂರಿಯನ್ನು ತಗ್ಗಿನ ನಾಲ್ಕರ ಶ್ರುತಿಗಿಟ್ಟುಕೊಂಡು, ದೋಸೆ ಹೊಯ್ಯುತ್ತಲೇ ಹಾಡನ್ನು ಹೊಸದಾಗಿ ಕೂರಿಸಿಕೊಂಡಳು. ಎಲ್ಲರೂ ಮೇಲಕ್ಕೆ ಎಳೆಯುವ ಸಾಲನ್ನು ಅವಳು ಮೆಲ್ಲಗೆ ಕೆಳಕ್ಕೆ ಇಳಿಸಿದಳು. ಮಗಳನ್ನು ಕಳಿಸಿಕೊಡುವ ಸಂಕಟವೆಲ್ಲ ಆ ಇಳಿತದಲ್ಲೇ ಇತ್ತು.

ಅತ್ತೆ ಒಮ್ಮೆ ಕೇಳಿ ಮೂಗು ಮುರಿದಳು. ಗಂಡಸರ ದನಿ ಅಂದಳು. ಮದುವೆಯ ದಿನ ಶೃಂಗೇರಿಯ ಛತ್ರದಲ್ಲಿ, ನಾನು ಹಸೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಾಗ, ಅಮ್ಮನ ಕೈಯಿಂದ ಮೊಬೈಲು ತೆಗೆದುಕೊಂಡು ಶ್ರುತಿಯನ್ನು ಐದೂವರೆಗೆ ಏರಿಸಿದಳು.

"ಅತ್ತಿಗೆ, ಅಷ್ಟು ಮೇಲೆ ನಂಗಾಗಲ್ಲ" ಎಂದಳು ಅಮ್ಮ.

"ನಿಂಗೊಬ್ಳಿಗೋಸ್ಕರ ನಾವೆಲ್ಲ ಗುಂಡಿಗಿಳೀಬೇಕೇನೆ?" ನಗುತ್ತಲೇ ಅಂದು, ಹಾಡು ಎತ್ತಿಯೇಬಿಟ್ಟಳು ಮಹಾತಾಯಿ.

ಒಮ್ಮೆ ಎತ್ತಿದ ಹಸೆಹಾಡನ್ನು ನಡುವೆ ನಿಲ್ಲಿಸುವಂತಿಲ್ಲ, ಮದುಮಗಳಿಗೆ ಕೇಡಂತೆ. ಅಮ್ಮನ ನುಡಿ ಬಂದಾಗ ಮಂಡಳಿ ಸುಮ್ಮನಾಯಿತು. ಆ ಎತ್ತರದಲ್ಲಿ ಅವಳ ದನಿ ಒಡೆಯಿತು, ಕೀರಲಾಯಿತು, ಕೊನೆಗೆ ಬರೀ ಗಾಳಿ. ನನಗೇನಾದರೂ ಆದೀತೆಂಬ ಹೆದರಿಕೆಗೆ ಅವಳು ನಿಲ್ಲಿಸಲಿಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅತ್ತೆ ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದಳು. ಇಂದಿಗೂ ಆ ಕೈ ನೆನೆದರೆ ನನಗೆ ಮೈ ಉರಿಯುತ್ತದೆ.

ಮದುವೆಯ ವಿಡಿಯೊ ಬಂದಾಗ ಎಲ್ಲರೂ ಕೂತು ನೋಡಿದೆವು. ಹಸೆಯ ಭಾಗದಲ್ಲಿ ಹಾಡೇ ಇಲ್ಲ, ನಾಗಸ್ವರ. ಅದರಡಿ ಅಮ್ಮನ ತುಟಿ ಮಾತ್ರ ಆಡುತ್ತಿತ್ತು. ಎಡಿಟ್ ಮಾಡುವವನಿಗೆ ಹೇಳಿ ಹಾಗೆ ಮಾಡಿಸಿದವರು ಅಪ್ಪ. "ಅಲ್ಲಿ ಸ್ವಲ್ಪ ಕೆಟ್ಟಿತ್ತಲ್ಲ, ಮುಚ್ಚಿಸ್ದೆ" ಎಂದರು, ದೊಡ್ಡ ಉಪಕಾರ ಮಾಡಿದವರಂತೆ.

ಅಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಪಾಪ, ಎಷ್ಟು ಕಷ್ಟಪಟ್ಟು ಬಾಯಿ ತೆಗೀತಿದಾಳೆ ನೋಡು" ಎಂದಳು, ಯಾರೋ ಬೇರೆಯವಳ ಬಗ್ಗೆ ಹೇಳುವಂತೆ.

ಅಪ್ಪ ನಕ್ಕರು.