ಗುಡ್ಡದಾಚೆಯ ಮೋಡ

ಅತ್ತೆಯ ಅರ್ಧ ಗದ್ದೆಯ ಭತ್ತ ನೀರುಪಾಲಾದದ್ದರಲ್ಲಿ ಮೋಡದ ಪಾಲೆಷ್ಟೋ ನನ್ನ ಬಾಯಿಯ ಪಾಲೂ ಅಷ್ಟೇ. ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು; ಮನೆಯವರು ಹೇಳಿದರೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ.

ನನಗೆ ಬರುವುದು ಒಂದೇ ವಿದ್ಯೆ, ಮಂದಿಯ ದನಿಯನ್ನು ಥೇಟ್ ಅವರಂತೆಯೇ ತೆಗೆಯುವುದು. ಬೆಳಗಾವಿಯ ಶಿವಬಸವ ನಗರದ ನಮ್ಮ ಓಣಿಯಲ್ಲಿ ತರಕಾರಿ ಮಾರುವವನಿಂದ ಹಿಡಿದು ನಮ್ಮಪ್ಪನ ಸೀನಿನ ತನಕ ಯಾವುದನ್ನೂ ಬಿಟ್ಟಿಲ್ಲ. ಒಮ್ಮೆ ನನ್ನದೇ ದನಿ ತೆಗೆಯಲು ಹೋಗಿ, ಅದು ಯಾವುದೆಂದು ಗೊತ್ತಾಗದೆ ಕೈಬಿಟ್ಟೆ.

ಸುಗ್ಗಿಗೆಂದು ಖಾನಾಪುರ ತಾಲೂಕಿನ ಜಾಂಬೋಟಿಗೆ, ಸೋದರತ್ತೆಯ ಊರಿಗೆ ಹೋಗಿದ್ದೆ. ಹೇಳಿದ್ದು ಕೆಲಸಕ್ಕೆ, ಹೋದದ್ದು ಊಟಕ್ಕೆ. ಅಲ್ಲಿ ಮುಯ್ಯಾಳಿನ ಪದ್ಧತಿ: ಇವತ್ತು ಎಲ್ಲರೂ ನಿಮ್ಮ ಗದ್ದೆಗೆ, ನಾಳೆ ಎಲ್ಲರೂ ನಮ್ಮ ಗದ್ದೆಗೆ. ಪಾಳಿ ಹಚ್ಚುವವರು ಪಕ್ಕದ ಮನೆಯ ಮಾಮಾ. ಮುಗಿಲು ನೋಡಿ ಮಳೆ ಹೇಳುವವರೂ ಅವರೇ. ಅತ್ತೆಯ ಭತ್ತ ಕೊಯ್ದು ಗದ್ದೆಯಲ್ಲೇ ಒಣಗಲು ಬಿದ್ದಿತ್ತು. ಅದನ್ನು ಹೊರೆ ಕಟ್ಟಿ ಮನೆಗೆ ಸಾಗಿಸುವ ಪಾಳಿ ನಾಡಿದ್ದು.

ಬೆಳಿಗ್ಗೆ ಎಲ್ಲರೂ ಮಾಮಾರ ಅಂಗಳದಲ್ಲಿ ಚಹಾ ಕುಡಿಯುತ್ತಿರುವಾಗ ಅತ್ತೆ ಫೋನ್ ಹಿಡಿದುಕೊಂಡು ಬಂದಳು. ಉಪಗ್ರಹ ತೆಗೆದ ಚಿತ್ರ. ಗೋವಾದಾಚೆ ಸಮುದ್ರದ ಮೇಲೆ ಬಿಳಿ ಮೋಡದ ದೊಡ್ಡ ಸುಳಿ.

“ಅಣ್ಣಾರ, ನಾಳಿ ಮಳಿ ಐತಿ. ಇವತ್ತ ನನ್ನ ಗದ್ದಿಗೆ ಬರ್ರಿ. ನಿಮ್ದು ಇನ್ನೂ ಕೊಯ್ದಿಲ್ಲ, ನಿಂತ ಭತ್ತಕ್ಕ ಏನೂ ಆಗೂದಿಲ್ಲ.”

ಮಾಮಾ ಮೇಲೆ ನೋಡಿದರು. ಮುಗಿಲು ಬೆಳಗಿಟ್ಟ ತಾಟಿನಂತಿತ್ತು.

“ಎಲ್ಲೈತಿ ತಂಗಿ ಮೋಡ? ಇವತ್ತ ನನ್ನ ಪಾಳಿ. ಆದ್ರೂ... ಫೋಟೋ ಅಂತಿ...”

ಅವರ ಮನಸ್ಸು ಅಲುಗಾಡಿತ್ತು. ಅಲ್ಲೇ ನಾನು ಬಾಯಿ ಹಾಕಿದ್ದು. ಖಾಲಿ ಗ್ಲಾಸನ್ನು ಬಾಯಿಗೆ ಹಿಡಿದು, ಟೀವಿಯಲ್ಲಿ ರಾಕೆಟ್ ಹಾರಿಸುವವರ ದನಿ ತೆಗೆದೆ.

“ಮೂರು... ಎರಡು... ಒಂದು... ರಾಕೆಟ್ ಸುಖರೂಪ ಮ್ಯಾಲ ಹೋಗೇತಿ. ಕ್ಯಾಮೆರಾ ನೆಟ್ಟಗ ಜಾಂಬೋಟಿ ಅತ್ತಿ ಗದ್ದಿ ಮ್ಯಾಲ!” ಆಮೇಲೆ ಅತ್ತೆಯ ದನಿ: “ಸಾಹೇಬ್ರ, ಚಂದ್ರನ್ನ ಆಮ್ಯಾಲ ನೋಡ್ರಿ. ಮೊದಲ ನಮ್ಮ ಎಮ್ಮಿ ಎಲ್ಲಿ ಹೋತು, ಅದನ್ನ ಹೇಳ್ರಿ!”

ಅಂಗಳಕ್ಕೆ ಅಂಗಳವೇ ನಕ್ಕಿತು. ಮಾಮಾರಿಗೆ ಚಹಾ ನೆತ್ತಿಗೆ ಹತ್ತಿತು. ಅಷ್ಟು ನಕ್ಕ ಮೇಲೆ ಮೋಡದ ಮಾತು ಯಾರು ಎತ್ತುತ್ತಾರೆ? ಕುಡುಗೋಲು ತೆಗೆದುಕೊಂಡು ಎಲ್ಲರೂ ಮಾಮಾರ ಗದ್ದೆಗೆ ನಡೆದರು. ಅತ್ತೆ ಒಬ್ಬಳೇ ತನ್ನ ಗದ್ದೆಗಿಳಿದಳು. ಸಂಜೆಯೊಳಗೆ ಅರ್ಧ ಸಾಗಿಸಿದಳು. ನಾನು ಮಾಮಾರ ಗದ್ದೆಯ ಬದುವಿನ ಮೇಲೆ, ಬೇಡಿಕೆಯ ಮೇರೆಗೆ, ರಾಕೆಟ್ಟನ್ನು ಮತ್ತೊಮ್ಮೆ ಹಾರಿಸುತ್ತಿದ್ದೆ.

ಮರುದಿನ ನಸುಕಿನಲ್ಲೇ ಮಳೆ ಗೋವಾದ ಕಡೆಯಿಂದ ಗುಡ್ಡ ಹತ್ತಿ ಬಂತು. ನಿಂತ ಮೇಲೆ ಹೋಗಿ ನೋಡಿದರೆ, ಅತ್ತೆಯ ಉಳಿದರ್ಧ ಭತ್ತ ನೀರಿನಲ್ಲಿ ಮಲಗಿತ್ತು. ಮಾಮಾ ಹಿಂದಿನ ದಿನ ಕೊಯ್ಯಿಸಿದ್ದೂ ಅದರ ಪಕ್ಕಕ್ಕೇ ಮಲಗಿತ್ತು. ಹಾಗೇ ಬಿಟ್ಟರೆ ತೆನೆಯಲ್ಲೇ ಮೊಳಕೆ.

“ನಾ ಮುಗಿಲ ನೋಡೇ ಹೇಳಿದ್ನಿ ತಂಗಿ,” ಎಂದರು ಮಾಮಾ. “ಗುಡ್ಡದ ಆಚೀಕಿಂದು ನನ್ನ ಕಣ್ಣಿಗೆ ಹೆಂಗ ಕಾಣಬೇಕು?”

ಅವರು ಅಷ್ಟಕ್ಕೆ ಸುಮ್ಮನಾದರು. ನನಗೆ ಆ ಬುದ್ಧಿ ಇಲ್ಲ. ತೊಡೆಯ ತನಕ ಕೆಸರು ಮೆತ್ತಿಕೊಂಡು ತೊಯ್ದ ಭತ್ತ ಎತ್ತುತ್ತಲೇ ವಾದ ತೆಗೆದೆ.

“ಖರೇ ಹೇಳ ಅತ್ತಿ, ಮಳಿ ಬರೂದ ಹೇಳಾಕ ಅಷ್ಟ ದೊಡ್ಡ ರಾಕೆಟ್ ಬೇಕಾ? ದೇಶದಾಗ ಬ್ಯಾರೆ ಕೆಲಸ ಇಲ್ಲೇನು?”

ಅತ್ತೆ ತಲೆಯ ಮೇಲಿನ ಹೊರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

“ಊರ ಮಂದಿ ದನಿ ಎಲ್ಲಾ ತಗೀತಿಯಲ್ಲೋ, ನಾಳಿ ಬರೂ ಮಳಿ ದನಿ ಇವತ್ತ ತಗದ ತೋರಸು. ತೋರಿಸಿದಿ ಅಂದ್ರ, ರಾಕೆಟ್ ಬ್ಯಾಡ ಅಂತ ನಾನೂ ಹೇಳ್ತೀನಿ.”