ನಾಗಂದಿಗೆಯ ಮೇಲಿದ್ದ ಬೋಗುಣಿ

ನನ್ನ ಕಷ್ಟವೆಲ್ಲ ಒಂದು ಹಿತ್ತಾಳೆ ಬೋಗುಣಿಯಿಂದ ಶುರುವಾಯಿತು ಎಂದರೆ ಭಕ್ತರಾದ ನೀವು ನಗುತ್ತೀರಿ. ನಗಿ. ಈಗ ನನಗೂ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ಹೊರನಾಡಿನ ಅಮ್ಮ ನನ್ನನ್ನು ಕೈಹಿಡಿದು ನಡೆಸಿದ ಬಗೆಯನ್ನು ಒಂದೂ ಬಿಡದೆ ಬರೆಯುತ್ತೇನೆಂದು ಹರಕೆ ಹೊತ್ತಿದ್ದೇನೆ. ಆದ್ದರಿಂದ ನನ್ನ ಪೆದ್ದುತನವನ್ನೂ ಬಿಡದೆ ಬರೆಯಬೇಕಾಗಿದೆ.

ನಾನು ಘಟ್ಟದ ಕೆಳಗಿನವಳು. ಯುದ್ಧ ಶುರುವಾದ ಮರುವರ್ಷ ವೈಶಾಖದಲ್ಲಿ ನನ್ನ ಮದುವೆಯಾಯಿತು. ನನ್ನ ಯಜಮಾನರು ಜಾವಳಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮದುವೆಯಾದ ಹತ್ತನೇ ದಿನ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಚಾರ್ಮಾಡಿ ಘಟ್ಟ ಹತ್ತಿದೆವು. ಎರಡು ತಿರುವಿನಲ್ಲಿ ಎಲ್ಲರೂ ಇಳಿದು ಬಸ್ಸನ್ನು ತಳ್ಳಬೇಕಾಯಿತು. ಮದುಮಗಳೆಂದು ನನ್ನನ್ನು ಯಾರೂ ಬಿಡಲಿಲ್ಲ, ನಾನೂ ತಳ್ಳಿದೆ. ನಮ್ಮದು ಮದರಾಸು ಸರ್ಕಾರದ ಊರು, ಇದು ಮೈಸೂರು ಮಹಾರಾಜರ ಸೀಮೆ. ನಮ್ಮಲ್ಲಿ ಮನೆಮಾತು ತುಳು, ಇಲ್ಲಿ ತುಳು ಬಲ್ಲವರು ಎಂದರೆ ಇವರೊಬ್ಬರೇ. ನಮ್ಮ ಕಡೆ ಘಟ್ಟ ಹತ್ತಿದವರೆಂದರೆ ಪರದೇಶಕ್ಕೆ ಹೋದವರ ಲೆಕ್ಕ. ಅದರಲ್ಲೂ ನಮ್ಮದು ಅಳಿಯಸಂತಾನದ ಮನೆ. ಹೆಣ್ಣುಮಕ್ಕಳು ತಾಯಿಯ ಮನೆಗೆ ಸೇರಿದವರು. ಮನೆಬಿಟ್ಟು ಹೋಗುವವರು ಗಂಡಸರು, ನಾವಲ್ಲ. ನನ್ನ ತಾಯಿ ಬಸ್ಸಿನ ಕಿಟಕಿಯ ಹತ್ತಿರ ನಿಂತು ಹೇಳಿದ್ದು ಒಂದೇ ಮಾತು. "ಆಗದಿದ್ದರೆ ಬಂದುಬಿಡು, ನಿನ್ನ ಕೋಣೆ ಹಾಗೇ ಇರುತ್ತದೆ."

ನಮಗೆ ಕೊಟ್ಟ ಮನೆ ಎಸ್ಟೇಟಿನ ಅಂಚಿನಲ್ಲಿತ್ತು. ಆಳುಗಳ ಸಾಲುಮನೆಗಳ ಲೈನು ಅರ್ಧ ಮೈಲಿ ಆಚೆ. ಕೆಳಗೆ ಗದ್ದೆಯ ಆಚೆ ದಡದಲ್ಲಿ ಒಂದು ಗೌಡರ ಮನೆ, ಅದರಾಚೆ ಇನ್ನೂ ನಾಲ್ಕೈದು ಮನೆ. "ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಬಾವಿಕಟ್ಟೆಯಲ್ಲಿ ನಾಲ್ಕು ಜನರ ಪರಿಚಯವಾಗುತ್ತದೆ" ಎಂದು ಇವರು ಧೈರ್ಯ ಹೇಳಿದ್ದರು. ಬಂದು ನೋಡಿದರೆ ಬಾವಿಯೇ ಇಲ್ಲ. ಗುಡ್ಡದ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ನಮ್ಮ ಹಿತ್ತಿಲಿಗೇ ಬಂದು ಬೀಳುತ್ತಿತ್ತು. ಎಲ್ಲ ಮನೆಗಳಲ್ಲೂ ಹಾಗೆಯೇ. ಒಂದು ಕೊಡ ನೀರಿಗೂ ಹೊಸ್ತಿಲು ದಾಟಬೇಕಾಗಿರಲಿಲ್ಲ.

ಬಂದ ವಾರದಲ್ಲೇ ಗೌಡರ ಮನೆಯ ದ್ಯಾವಮ್ಮ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಗಟ್ಟಿ ದನಿ. ಒಂದು ಹಿತ್ತಾಳೆ ಬೋಗುಣಿಯಲ್ಲಿ ಕಡುಬು, ಮೇಲೆ ಅಂಗೈಯಗಲ ಬೆಣ್ಣೆ. ನಾನು ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡದಲ್ಲಿ "ತಾವು ಕುಳಿತುಕೊಳ್ಳಬೇಕು" ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, "ಇನ್ನೊಂದಿನ ಬರ್ತೀನಿ ರೈಟರಮ್ಮನೋರೆ" ಎಂದು ಹೊರಟುಹೋದರು. ಕಡುಬು ಬಹಳ ಚೆನ್ನಾಗಿತ್ತು.

ಪೆದ್ದುತನ ಇಲ್ಲಿಂದ ಶುರು. ಬೇರೆಯವರ ಪಾತ್ರೆ ಬರಿದಾಗಿ ಹಿಂದೆ ಹೋಗಬಾರದು ಎಂಬುದು ನನ್ನ ತಾಯಿಯ ಕಟ್ಟಪ್ಪಣೆ. ಹಾಕಿ ಕೊಡಲು ಮನೆಯಲ್ಲಿ ಅಕ್ಕಿ ಇತ್ತು, ಬೆಲ್ಲ ಇತ್ತು. ಆದರೆ ಅಷ್ಟು ಬೆಣ್ಣೆ ಹಾಕಿ ಕಳಿಸಿದವರಿಗೆ ಬೆಲ್ಲದ ಚೂರು ಕೊಡುವುದೇ? ನಮ್ಮ ಮನೆಯ ಹಲಸಿನ ಹಪ್ಪಳ ತುಂಬಿಸಿ ಕೊಡೋಣ, ಘಟ್ಟದ ಕೆಳಗಿನವರ ಕೈ ಎಂಥದ್ದು ಎಂದು ತಿಳಿಯಲಿ ಎಂದುಕೊಂಡೆ. ಹಪ್ಪಳ ಕಳಿಸೆಂದು ತಾಯಿಗೆ ಕಾಗದ ಬರೆದೆ. ಅಷ್ಟರಲ್ಲಿ ಮಳೆ ಹಿಡಿಯಿತು, ಘಟ್ಟದ ಬಸ್ಸು ನಿಂತಿತು. ಹಪ್ಪಳದ ಡಬ್ಬಿ ಕೊಟ್ಟಿಗೆಹಾರಕ್ಕೆ ಬಂದು ತಲುಪಿದ್ದು ನವರಾತ್ರಿಗೆ. ಮುಚ್ಚಳ ತೆಗೆದರೆ ಹಪ್ಪಳದ ಮೇಲೆ ಹಸಿರು ಬೂಷ್ಟು.

ನಾಲ್ಕು ತಿಂಗಳು ಇಟ್ಟುಕೊಂಡ ಪಾತ್ರೆಯನ್ನು ಈಗ ಬೆಲ್ಲ ಹಾಕಿ ಕೊಡಲು ಮುಖ ಎಲ್ಲಿದೆ? ತೊಳೆದು, ಹುಣಸೆಹಣ್ಣು ಹಾಕಿ ಬೆಳಗಿ, ಅಡುಗೆಮನೆ ಗೋಡೆಯ ಹಲಗೆಯ ನಾಗಂದಿಗೆಯ ಮೇಲೆ ಇಟ್ಟೆ. ಅಡುಗೆ ಮಾಡುವಾಗಲೆಲ್ಲ ಅದು ನನ್ನನ್ನೇ ನೋಡುತ್ತಿತ್ತು. ದ್ಯಾವಮ್ಮ ಗದ್ದೆಬದುವಿನಲ್ಲಿ ಕಂಡರೆ ನಾಚಿಕೆಯಾಗಿ ಒಳಗೆ ಸರಿಯುತ್ತಿದ್ದೆ. "ನಾನು ಕೊಟ್ಟು ಬರಲೇ?" ಎಂದು ಇವರು ಕೇಳಿದರು. ಬೇಡವೆಂದೆ. "ಹಾಗಾದರೆ ನೀನೇ ಹೋಗು ಮಾರಾಯ್ತಿ" ಎಂದರು. ನಾಳೆ ಎಂದೆ. ಆ ನಾಳೆ ಬರಲಿಲ್ಲ.

ರೈಟರ ಹೆಂಡತಿಗೆ ಬಿಂಕ, ಕಂಡರೂ ಮಾತಾಡಿಸುವುದಿಲ್ಲ ಎಂದು ಸುದ್ದಿಯಾಯಿತು. ಬೋಗುಣಿ ನುಂಗಿದಳು ಎಂದೂ ಆಡಿಕೊಂಡರಂತೆ. ನಾಟಿಯ ಕಾಲದಲ್ಲಿ ಹೆಂಗಸರೆಲ್ಲ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳು ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಇವತ್ತು ನಿಮ್ಮಲ್ಲಿ ದುಡಿದರೆ ನಾಳೆ ನೀವು ನಮ್ಮಲ್ಲಿ ದುಡಿಯಬೇಕು ಎಂಬ ಪದ್ಧತಿ ಅದು. ನನ್ನ ಹತ್ತಿರ ಗದ್ದೆಯೂ ಇರಲಿಲ್ಲ, ಮುಯ್ಯಿಯೂ ಇರಲಿಲ್ಲ. ಬೆಳಿಗ್ಗೆ ಇವರು ಹೊರಟರೆ ಸಂಜೆ ಬರುವವರೆಗೆ ನನ್ನ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಒಂದು ದಿನ ಕುಳಿತು ಯೋಚಿಸಿದೆ, ಈ ಊರಿನಲ್ಲಿ ಇವರನ್ನು ಬಿಟ್ಟರೆ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಆ ದಿನ ಬಹಳ ಅತ್ತೆ.

ಕಾರ್ತಿಕದಲ್ಲಿ ಇವರು ನನ್ನನ್ನು ಹೊರನಾಡಿಗೆ ಕರೆದುಕೊಂಡು ಹೋದರು. ಕಳಸದವರೆಗೆ ಬಸ್ಸು, ಅಲ್ಲಿಂದ ಹೊಳೆ ದಾಟಿ ಕಾಡುದಾರಿಯಲ್ಲಿ ನಡಿಗೆ. ಅಮ್ಮನ ಸನ್ನಿಧಿಗೆ ಬಂದವರು ಉಣ್ಣದೆ ಹೋಗುವಂತಿಲ್ಲವಷ್ಟೆ. ಪಂಕ್ತಿಯಲ್ಲಿ ಜಾಗವಿಲ್ಲವೆಂದು ನಾನು ಗೋಡೆಯ ಹತ್ತಿರ ನಿಂತಿದ್ದೆ. ಯಾರೋ ಒಬ್ಬ ಅಜ್ಜಿ ತನ್ನ ಎಲೆಯನ್ನು ಪಕ್ಕಕ್ಕೆ ಎಳೆದುಕೊಂಡು "ಇಲ್ಲಿ ಬಾ ಮಗ, ಜಾಗ ಅದೆ" ಎಂದಳು. ಘಟ್ಟ ಹತ್ತಿದ ಮೇಲೆ ಯಾರಾದರೂ ನನಗೆ ಜಾಗ ಬಿಟ್ಟುಕೊಟ್ಟದ್ದು ಅದೇ ಮೊದಲು. ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡೆ. ಊರಿನಲ್ಲಿ ನಮಗೆ ನಮ್ಮ ಮನೆಯ ದೈವ ಉಂಟು. ಆದರೆ ಆ ದೈವ ಘಟ್ಟ ಹತ್ತಿ ನನ್ನನ್ನು ಎಲ್ಲಿ ಹುಡುಕೀತು? ಇಲ್ಲಿಯ ಅಮ್ಮನನ್ನೇ ಹಿಡಿಯುತ್ತೇನೆ ಎಂದು ಅಂದೇ ಗಟ್ಟಿ ಮಾಡಿಕೊಂಡೆ. ಅಲ್ಲಿಂದ ತಂದ ಕುಂಕುಮವನ್ನು ಗೂಡಿನಲ್ಲಿಟ್ಟು ಪ್ರತಿ ಶುಕ್ರವಾರ ದೀಪ ಹಚ್ಚತೊಡಗಿದೆ.

ಆಗಲೇ ನಾನು ಬಸುರಿ ಎಂಬುದು ಆಮೇಲೆ ತಿಳಿಯಿತು. ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಹೆರಿಗೆಗೆ ತಾಯಿಯ ಮನೆಗೆ ಇಳಿದರೆ ಮತ್ತೆ ಘಟ್ಟ ಹತ್ತುವುದಿಲ್ಲ ಎಂದು ನಾನು ನಿರ್ಧರಿಸಿದ್ದೆ. ಇವರ ಮೇಲೆ ಕೋಪವಿರಲಿಲ್ಲ, ಇವರು ದೇವರಂಥ ಮನುಷ್ಯ. ಆದರೆ ಒಬ್ಬ ಮನುಷ್ಯನ ಜೊತೆ ಮಾತ್ರ ಎಷ್ಟು ದಿನ ಬದುಕಲಾದೀತು? ಇವರಿಗೆ ಇದನ್ನು ಹೇಳಿರಲಿಲ್ಲ. ಬಟ್ಟೆ ಮಾತ್ರ ಎಲ್ಲವನ್ನೂ ಟ್ರಂಕಿಗೆ ತುಂಬಿದ್ದೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಹೊರಡುವ ವಾರ ನನ್ನ ಕಾಲು ಊದಿಕೊಂಡಿತು, ಸ್ವಲ್ಪ ರಕ್ತವೂ ಕಂಡಿತು. ಎಸ್ಟೇಟಿನ ಕಾಂಪೌಂಡರು ಬಂದು ನೋಡಿ, "ಈ ಸ್ಥಿತೀಲಿ ಘಟ್ಟದ ಬಸ್ಸು ಹತ್ತಿಸಿದ್ರೆ ತಾಯಿನೂ ಇಲ್ಲ ಮಗುನೂ ಇಲ್ಲ" ಎಂದು ಇವರಿಗೆ ಹೇಳಿದರು. ಒಳಗೆ ಮಲಗಿದ್ದ ನನಗೂ ಕೇಳಿಸಿತು. ತಾಯಿಗೆ ಕಾಗದ ಹೋಯಿತು. ಅವರು ಚಳಿಜ್ವರ ಹಿಡಿದು ಮಲಗಿದ್ದಾರೆ ಎಂದು ಉತ್ತರ ಬಂತು. ಹಿಂದೆಯೇ ಮಳೆ ಬಂತು. ಘಟ್ಟದಲ್ಲಿ ಗುಡ್ಡ ಜರಿದು ದಾರಿ ಮುಚ್ಚಿತು.

ಆಷಾಢದ ಒಂದು ಮಂಗಳವಾರ. ದಿನ ತುಂಬಲು ಇನ್ನೂ ಹದಿನೈದು ದಿನವಿದೆ ಎಂದು ನಂಬಿ ಇವರು ಎಸ್ಟೇಟಿನ ಕಾಗದಪತ್ರ ಹಿಡಿದು ಮೂಡಿಗೆರೆಗೆ ಹೋಗಿದ್ದರು. ಸಂಜೆಯೊಳಗೆ ಬರುತ್ತೇನೆ ಎಂದಿದ್ದರು. ಲೈನಿನವರೆಲ್ಲ ಕಾಡು ಸವರಲು ಮೇಲಿನ ತೋಟಕ್ಕೆ ಹೋಗಿದ್ದರು. ಬೆಳಿಗ್ಗೆ ಗಂಜಿ ಕುಡಿದು ಎದ್ದವಳಿಗೆ ಸೊಂಟದಲ್ಲಿ ನೋವು ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ನಿಲ್ಲಲಾಗದೆ ಅಡುಗೆಮನೆಯ ನೆಲದ ಮೇಲೆ ಕುಳಿತೆ. ಎರಡು ಸಲ ಕೂಗಿದೆ. ಆ ಮಳೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಸರಿಯಾಗಿ ಕೇಳಿಸಲಿಲ್ಲ.

ಆಗ ಬೇಡಿಕೊಂಡದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ. ಸ್ತೋತ್ರವಲ್ಲ, ಮಂತ್ರವಲ್ಲ. ಕುಂಕುಮದ ಗೂಡಿನ ಕಡೆ ತಿರುಗಿ ಹೇಳಿದೆ, "ಅಮ್ಮ, ಈ ಬಾಗಿಲಿಗೆ ಒಬ್ಬರನ್ನು ಕಳಿಸು. ನನ್ನ ಮೇಲೆ ಪ್ರೀತಿ ಇರುವವರು ಇಲ್ಲಿ ಯಾರೂ ಇಲ್ಲ, ನನಗೆ ಗೊತ್ತು. ಜಗಳಕ್ಕೆ ಬರುವವರಾದರೂ ಸರಿ, ಒಬ್ಬರನ್ನು ಕಳಿಸು."

ಎಷ್ಟು ಹೊತ್ತಾಯಿತೋ ತಿಳಿಯದು. ಅಂಗಳದಿಂದ ಗಟ್ಟಿ ದನಿ ಕೇಳಿಸಿತು.

"ರೈಟರಮ್ಮನೋರೆ, ಇದೀರಾ ಮನೇಲಿ? ನನ್ನ ಬೋಗುಣಿ ಕೊಡಿ. ಕೊಡಲ್ಲ ಅಂದ್ರೆ ಅದನ್ನಾದ್ರೂ ಬಾಯ್ಬಿಟ್ಟು ಹೇಳಿ."

ಉತ್ತರ ಬರದೆ ಇದ್ದುದರಿಂದ ದ್ಯಾವಮ್ಮನ ಸಿಟ್ಟು ಹೆಚ್ಚಿರಬೇಕು. ಮಳೆಗೆಂದು ಬೆನ್ನ ಮೇಲೆ ಹೊದ್ದಿದ್ದ ಗೊರಬನ್ನು ಜಗಲಿಯಲ್ಲಿ ಇಳಿಸಿ ಸೀದಾ ಒಳಗೆ ಬಂದರು. ನಾನು ನೆಲದಲ್ಲಿ ಗೋಡೆಗೆ ಒರಗಿ ಕುಳಿತಿದ್ದೆ. ಆ ಹೊತ್ತಿನಲ್ಲೂ ನನ್ನ ಬಾಯಿಂದ ಬಂದ ಮಾತು ಕೇಳಿ. "ಬೋಗುಣಿ ನಾಗಂದಿಗೆಯ ಮೇಲೆ ಉಂಟು. ಬೆಳಗಿ ಇಟ್ಟಿದ್ದೇನೆ."

ಅವರು ಬೋಗುಣಿಯ ಕಡೆ ನೋಡಲಿಲ್ಲ. "ಬೋಗುಣಿ ಹಾಳಾಗ್ ಹೋಗ್ಲಿ. ನೋವು ಯಾವಾಗಿಂದ?"

"ಬೆಳಿಗ್ಗೆಯಿಂದ."

"ರೈಟ್ರು?"

"ಮೂಡಿಗೆರೆಗೆ."

"ಹಳ್ಳ ತುಂಬಿ ಹರೀತಿದೆ. ಇವತ್ತು ಬರಕಾಗಲ್ಲ ಅವ್ರಿಗೆ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಲೆಗೆ ಸೌದೆ ತುರುಕಿದರು. "ಹೆದರ್ಬೇಡ. ಈ ಸುತ್ತಿನ ಮಕ್ಕಳೆಲ್ಲ ನನ್ನ ಕೈಮೇಲೆ ಬಿದ್ದವೇ. ನಿನ್ ಹೆಸರೇನು?"

ಒಂದು ವರ್ಷ ಎರಡು ತಿಂಗಳಿನಲ್ಲಿ ಆ ಪ್ರಶ್ನೆ ಕೇಳಿದ ಮೊದಲಿಗರು ಅವರು. "ಕಲ್ಯಾಣಿ" ಎಂದೆ. ಎಂದವಳೇ ಅತ್ತುಬಿಟ್ಟೆ.

"ಆಮೇಲೆ ಅಳುವೆಯಂತೆ ಕಲ್ಯಾಣಿ, ಈಗ ಉಸಿರು ಬಿಗಿಹಿಡಿ" ಎಂದರು.

ನಡುವೆ ಒಮ್ಮೆ ಬಾಗಿಲಿಗೆ ಹೋಗಿ, ಗದ್ದೆಯ ಆಚೆಗೆ ಒಂದು ಕೂಗು ಹಾಕಿದರು. ನನ್ನ ಕೂಗು ಅಂಗಳವನ್ನೂ ದಾಟಿರಲಿಲ್ಲ, ಅವರದು ಮಳೆಯನ್ನು ಸೀಳಿಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಅವರ ಸೊಸೆ, ಆಚೆ ಮನೆಯ ಇಬ್ಬರು ಹೆಂಗಸರು ಹಳೆಸೀರೆ, ಎಣ್ಣೆ, ಮೆಣಸು, ಬೆಲ್ಲ ಹಿಡಿದು ಬಂದರು. ಮಗು ಕಾಲು ಮುಂದಾಗಿ ತಿರುಗಿತ್ತಂತೆ. ಅದನ್ನು ನನಗೆ ಆಗ ಯಾರೂ ಹೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಮೊದಲು ಅಳಲಿಲ್ಲ. ದ್ಯಾವಮ್ಮ ಕಾಲು ಹಿಡಿದು ಬೆನ್ನು ತಟ್ಟಿದ ಮೇಲೆ ಅತ್ತಿತು. ಮಗುವನ್ನು ಒರೆಸಲು ಬಿಸಿನೀರು ಹೊಯ್ದುಕೊಂಡದ್ದು ಅದೇ ಬೋಗುಣಿಗೆ.

ಮರುದಿನ ಇವರು ಸೊಂಟದವರೆಗೆ ನೆನೆದುಕೊಂಡು ಬಂದು ನೋಡಿದರೆ ಮನೆತುಂಬ ಹೆಂಗಸರು. ಮನೆ ತಪ್ಪಿ ಬಂದೆನೇನೋ ಎಂದು ಹೊರಗೇ ನಿಂತರಂತೆ.

ಬಾಣಂತನದಲ್ಲಿ ಒಂದು ದಿನ ಧೈರ್ಯ ಮಾಡಿ ದ್ಯಾವಮ್ಮನಿಗೆ ಹಪ್ಪಳದ ಕತೆಯನ್ನೆಲ್ಲ ಹೇಳಿದೆ. ಅವರು ಸೊಂಟ ಹಿಡಿದುಕೊಂಡು ನಕ್ಕರು. "ಒಂದು ಚೂರು ಬೆಲ್ಲ ಹಾಕಿ ಕೊಟ್ಟಿದ್ರೆ ಸಾಕಿತ್ತಲ್ಲೆ. ಅದು ನಮ್ಮವ್ವನ ಬೋಗುಣಿ. ಹೊಸ ಹುಡುಗಿ ಬಂದಾಳೆ ಅಂತ ಒಳ್ಳೇದ್ರಲ್ಲೇ ತಂದುಕೊಟ್ಟೆ. ನಾಳೆ ಹಿರಿಯರಿಗೆ ಎಡೆ ಇಡ್ಬೇಕು, ಅವ್ವನ ಬೋಗುಣಿ ಅಲ್ಲಿದೆ ಅಂತ ಆವತ್ತು ರೇಗಿ ಹೋಯ್ತು. ಬೈದು ಬರಾಣ ಅಂತಲೇ ಹೊರಟಿದ್ದು." ನಾನು ಅಮ್ಮನಲ್ಲಿ ಏನು ಬೇಡಿದ್ದೆ ಎಂಬುದನ್ನೂ ಹೇಳಿದೆ. ಅವರ ನಗು ನಿಂತಿತು. ಗೂಡಿನ ಕಡೆ ತಿರುಗಿ ಕೈಮುಗಿದರು. ಆಮೇಲೆ ಮೆಲ್ಲಗೆ, "ಹಂಗಾರೆ ನನ್ನ ಸಿಟ್ಟೂ ಅವಳದ್ದೇಯ" ಎಂದರು.

ಮಳೆ ಕಳೆದು ಘಟ್ಟದ ದಾರಿ ತೆರೆದ ಮೇಲೆ ನನ್ನ ತಾಯಿ ಬಂದರು. ಮಗುವಿಗೆ ಅನ್ನಪೂರ್ಣೆ ಎಂದು ಹೆಸರಿಟ್ಟಿದ್ದೆವು. ಒಂದು ತಿಂಗಳ ಮಟ್ಟಿಗೆ ಕರೆದುಕೊಂಡು ಹೋಗುತ್ತೇನೆ ಎಂದರು. ಟ್ರಂಕು ಇನ್ನೂ ತುಂಬಿದ ಹಾಗೆಯೇ ಇತ್ತು. ನಾನು ಕುಳಿತು ಅದರಿಂದ ಅರ್ಧ ಬಟ್ಟೆ ತೆಗೆದು ಗೂಟಕ್ಕೆ ತೂಗುಹಾಕಿದೆ. ಇವರು ಬಾಗಿಲಲ್ಲಿ ನಿಂತು ನೋಡಿದರು, ಮುಖ ಅರಳಿತು. ಇವರಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು.

ಕೊಟ್ಟಿಗೆಹಾರದವರೆಗೆ ಆರು ಹೆಂಗಸರು ಗಾಡಿಯಲ್ಲಿ ನಮ್ಮ ಜೊತೆ ಬಂದರು. ಬಸ್ಸು ಹೊರಡುವಾಗ ದ್ಯಾವಮ್ಮ ಕಿಟಕಿಯಿಂದ ಅದೇ ಬೋಗುಣಿಯನ್ನು ನನ್ನ ಮಡಿಲಲ್ಲಿ ಇಟ್ಟರು. ಬಟ್ಟೆ ಕಟ್ಟಿದ್ದರು, ಒಳಗೆ ಕಡುಬು.

"ದಾರೀಲಿ ತಿನ್ನಿ. ಬೋಗುಣಿ ವಾಪಸು ತಗಂಡ್ ಬಾ ಕಲ್ಯಾಣಿ. ಈ ಸಲ ವರ್ಷ ಮಾಡ್ಬೇಡ."

ತಿಂಗಳು ಇರಬೇಕಾದವಳು ಇಪ್ಪತ್ತನೇ ದಿನಕ್ಕೆ ಹೊರಟು ನಿಂತೆ. ತಾಯಿ ಬೋಗುಣಿಗೆ ಬಾಯಿತನಕ ಹಪ್ಪಳ ಜೋಡಿಸುತ್ತ, "ಇದು ಯಾರ ಪಾತ್ರೆ ಮಗಾ, ಇಷ್ಟು ಜೋಪಾನ ಮಾಡುತ್ತೀ?" ಎಂದು ಕೇಳಿದರು.

"ನಮ್ಮ ಊರಿನವರದ್ದು" ಎಂದೆ. ತಾಯಿಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಇನ್ನೂ ನಾಲ್ಕು ಹಪ್ಪಳ ಒತ್ತಿ ಹಾಕಿದರು.

ಅನ್ನಪೂರ್ಣೆಗೆ ಈಗ ಐದು ತುಂಬಿತು. ಅವಳಿಗೆ ಮೊದಲ ಅನ್ನ ಉಣಿಸಿದ್ದು ಹೊರನಾಡಿನಲ್ಲಿ, ದ್ಯಾವಮ್ಮನ ತೊಡೆಯ ಮೇಲೆ. ಪ್ರತಿವರ್ಷ ಕಾರ್ತಿಕದಲ್ಲಿ ನಾವೆಲ್ಲ ಕೂಡಿ ಹೋಗಿ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತೇವೆ. ಪಂಕ್ತಿಯಲ್ಲಿ ಗೋಡೆಯ ಹತ್ತಿರ ಯಾರಾದರೂ ನಿಂತಿದ್ದಾರೆಯೇ ಎಂದು ನಾನು ಮೊದಲು ನೋಡುತ್ತೇನೆ, ನನ್ನ ಎಲೆ ಸರಿಸುತ್ತೇನೆ. ಅಮ್ಮನಿಗೆ ನಾನು ಸಲ್ಲಿಸುವ ಕಾಣಿಕೆ ಅಷ್ಟೆ. ಬೇಡುವಾಗ ಸಂಕೋಚ ಮಾಡಬೇಡಿ, ಸ್ತೋತ್ರ ಬಾರದಿದ್ದರೂ ಅವಳು ಕೇಳಿಸಿಕೊಳ್ಳುತ್ತಾಳೆ. ಮತ್ತೆ, ನೆರೆಮನೆಯವರ ಪಾತ್ರೆ ಏನಾದರೂ ನಿಮ್ಮಲ್ಲಿದ್ದರೆ ಒಂದು ಚೂರು ಬೆಲ್ಲ ಹಾಕಿ ಇವತ್ತೇ ಕೊಟ್ಟು ಬನ್ನಿ.