ತೇಯ್ದ ಮಾತ್ರೆ

ನಮ್ಮ ಅತ್ತೆಗೆ ಮೊದಲ ಸಲ ಲಕ್ವ ಹೊಡೆದಾಗ ಮಾತು ತೊದಲಿತು, ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತು, ಬಲಗೈ ಬಿದ್ದುಹೋಯಿತು. ಮಾತು, ಬಾಯಿ ಎರಡೂ ಆಸ್ಪತ್ರೆಯಲ್ಲಿರುವಾಗಲೇ ಸರಿಹೋದವು. ಕೈ ಮಾತ್ರ ಹಟ ಹಿಡಿದು ಕೂತಿತು. ಚಾಮರಾಜಪೇಟೆಯ ಮನೆಗೆ ಕರೆದುಕೊಂಡು ಬಂದ ಮೇಲೆ ನಾನು ಚಮಚದಲ್ಲಿ ಉಣ್ಣಿಸಲು ಹೋದರೆ ತುಟಿ ಬಿಗಿಹಿಡಿಯುತ್ತಿದ್ದರು.

"ನಾನೇನು ಕೂಸಾ? ತಟ್ಟೆ ಇಡು ಇಲ್ಲಿ."

ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ ಇಡುತ್ತಿದ್ದೆ. ಅರ್ಧ ಅನ್ನ ಮಡಿಲಿಗೆ, ಕಾಲು ಭಾಗ ನೆಲಕ್ಕೆ, ಉಳಿದದ್ದು ಬಾಯಿಗೆ. ಊಟ ಮುಗಿಯುವ ಹೊತ್ತಿಗೆ ಸಾರು ಆರಿ ಕೆನೆಗಟ್ಟಿರುತ್ತಿತ್ತು. ಆದರೂ ಅವರು ಬಿಡಲಿಲ್ಲ, ನಾನೂ ಒರೆಸುವುದನ್ನು ಬಿಡಲಿಲ್ಲ. ಒಂದು ದಿನ ಮಧ್ಯಾಹ್ನ ಒಂದಗುಳೂ ಚೆಲ್ಲದೆ ಮೊಸರನ್ನದ ತುತ್ತು ಬಾಯಿ ತಲುಪಿತು. ಅತ್ತೆ ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ಇನ್ನೊಂದು ಸೌಟು ಹಾಕು," ಎಂದರು. ಹಾಕಿದೆ.

ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು. ಈ ಸಲ ಕೈ ವಾಪಸ್ಸು ಬರಬಹುದು, ಬಿಪಿ ಏರಿ ಮತ್ತೊಮ್ಮೆ ಹೊಡೆದರೆ ಬರುವುದಿಲ್ಲ. ಅಷ್ಟೇ ವಿಷಯ. ಅತ್ತೆ ತಮ್ಮ ಕೈಯಾರೆ ಉಣ್ಣಬೇಕಾದರೆ ಬಿಪಿ ಹತೋಟಿಯಲ್ಲಿರಬೇಕು. ಅದಕ್ಕೆ ಬೆಳಗ್ಗೆ ಒಂದು ಮಾತ್ರೆ.

ಆಸ್ಪತ್ರೆಯಿಂದ ಹೊರಡುವ ದಿನ ವಾರ್ಡಿನ ಸಿಸ್ಟರ್ ಮಾತ್ರೆಯ ಚೀಟಿ ಕೈಗಿಡುತ್ತಾ ನಮ್ಮ ಮೂವರಿಗೂ ಹೇಳಿದರು. ನಾನು, ನನ್ನ ಯಜಮಾನರು, ಅವರ ತಂಗಿ, ಮೂವರೂ ಮಂಚದ ಸುತ್ತ ನಿಂತಿದ್ದೆವು. "ಇಲ್ಲಿ ಗಂಟಲು ವೀಕಾಗಿತ್ತು ಅಂತ ಪುಡಿ ಮಾಡಿ ಕೊಡ್ತಿದ್ವಿ. ಅದು ಬೇರೆ ಮಾತ್ರೆ. ಇದು ದಿನ ಪೂರ್ತಿ ಸ್ವಲ್ಪ ಸ್ವಲ್ಪವಾಗಿ ಕರಗೋ ಮಾತ್ರೆ. ಮುರೀಬೇಡಿ, ಕುಟ್ಟಬೇಡಿ, ಅಗಿಯೋಕೂ ಬಿಡಬೇಡಿ. ಪುಡಿಯಾದ್ರೆ ಎಲ್ಲಾ ಒಂದೇ ಸಲ ಮೈಗೆ ಬಿದ್ದು ಬಿಪಿ ದಬಕ್ಕಂತ ಇಳಿಯತ್ತೆ. ಸಾಯಂಕಾಲಕ್ಕೆ ಏನೂ ಉಳಿಯಲ್ಲ, ಮತ್ತೆ ಏರತ್ತೆ." ಯಜಮಾನರು ತಲೆಯಾಡಿಸಿದರು. ನಾದಿನಿಯೂ ಫೋನಿನಿಂದ ತಲೆಯೆತ್ತಿ ಆಡಿಸಿದಳು.

ಮನೆಯಲ್ಲಿ ಅದಕ್ಕೊಂದು ಕ್ರಮ ಮಾಡಿಕೊಂಡೆ. ಎದ್ದ ಕೂಡಲೇ ಅತ್ತೆಯನ್ನು ನಿಲ್ಲಿಸುತ್ತಿರಲಿಲ್ಲ. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿ, ತಲೆ ತಿರುಗುತ್ತಿಲ್ಲ ಎಂದ ಮೇಲೆ ತೋಳು ಹಿಡಿದು ಎಬ್ಬಿಸುತ್ತಿದ್ದೆ. ಮುಖ ತೊಳೆದು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಉಸಿರು ತಹಬಂದಿಗೆ ಬಂದ ಮೇಲೆ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುತ್ತಿದ್ದೆ. ಆಮೇಲೆ ಮಾತ್ರೆ. ಇಡೀ ಮಾತ್ರೆ ನುಂಗಲು ಅವರಿಗೆ ಕಷ್ಟವೇ. ಗಟ್ಟಿ ಮೊಸರಿನ ಒಂದು ಚಮಚದ ಮೇಲೆ ಅದನ್ನಿಟ್ಟು, ಗಲ್ಲ ಎದೆಯ ಕಡೆ ಬಗ್ಗಿಸಿಕೊಳ್ಳಿ ಎಂದರೆ ಮುಖ ಕಿವುಚಿಕೊಂಡು ನುಂಗುತ್ತಿದ್ದರು. ಕೆಲವು ದಿನ ಉಗುಳಿಬಿಡುತ್ತಿದ್ದರು. ಕಾದು ಮತ್ತೆ ಕೊಡುತ್ತಿದ್ದೆ.

ಅಡುಗೆಯಲ್ಲೂ ಅವರದ್ದು ಬೇರೆ ಪಾತ್ರೆ, ಉಪ್ಪು ಸೋಕಿಯೂ ಸೋಕದ ಹಾಗೆ. "ನಿನ್ನ ಸಾರು ಕುಡಿಯೋ ಬದಲು ಕಾವೇರಿ ನಲ್ಲಿಗೆ ಬಾಯಿ ಇಡ್ತೀನಿ, ಅದಕ್ಕಾದ್ರೂ ರುಚಿ ಇದೆ," ಎನ್ನುವರು. ನಗುತ್ತಿದ್ದೆ. ಬಿಪಿ ಬೆಳಗ್ಗೆಯೂ ಸಾಯಂಕಾಲವೂ ಒಂದೇ ಸಮನಾಗಿತ್ತು.

ಆಗ ಮೈಸೂರಿನಿಂದ ದೊಡ್ಡಮ್ಮ ಬಂದರು. ಅತ್ತೆಯ ಸ್ವಂತ ಅಕ್ಕ. ಅತ್ತೆ ಸ್ಕೂಲಿನಲ್ಲಿ ಟೀಚರಾಗಿದ್ದಾಗ ನನ್ನ ಯಜಮಾನರನ್ನೂ ನಾದಿನಿಯನ್ನೂ ಎತ್ತಿ ಬೆಳೆಸಿದವರು ಅವರೇ. ಈ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ. ನನಗೆ ಸಹಾಯವಾಗಲಿ ಎಂದೇ ಬಂದಿದ್ದು. ಬಂದ ಮರುದಿನ ಬೆಳಗ್ಗೆ ನಾನು ಮೊಸರಿನ ಚಮಚ ಹಿಡಿದು ಕಾಯುತ್ತಿರುವುದನ್ನು ನೋಡಿದರು.

"ಏನೇ ಇದು, ಮುದುಕಿಗೆ ಕಲ್ಲು ನುಂಗಿಸ್ತಿದೀಯಾ? ಕೊಡಿಲ್ಲಿ."

ದೇವರಮನೆಯ ಪಕ್ಕದಲ್ಲಿ ಸಾಣೆಕಲ್ಲಿತ್ತು. ಹಸುಗೂಸುಗಳಿಗೆ ಬಜೆ, ಜಾಯಿಕಾಯಿ ತೇಯುವ ಕಲ್ಲು. ದೊಡ್ಡಮ್ಮ ಅದರ ಮೇಲೆ ಎರಡು ತೊಟ್ಟು ಜೇನುತುಪ್ಪ ಬಿಟ್ಟು, ಮಾತ್ರೆಯನ್ನು ಬೆರಳ ತುದಿಯಲ್ಲಿ ಒತ್ತಿ ಗುಂಡಗೆ ತೇಯ್ದರು. ಬಿಳಿಯ ಗಂಧದ ಹಾಗೆ ಆದದ್ದನ್ನು ಉಂಗುರದ ಬೆರಳಲ್ಲಿ ಬಳಿದು ಅತ್ತೆಯ ನಾಲಿಗೆಗೆ ಹಚ್ಚಿದರು. ಅತ್ತೆ ಚಪ್ಪರಿಸಿದರು. "ಅಕ್ಕ ಕೊಟ್ಟ ಹಾಗೆ ಯಾರೂ ಕೊಡಲ್ಲ ಬಿಡು," ಎಂದು ನನ್ನ ಕಡೆ ನೋಡಿದರು.

"ದೊಡ್ಡಮ್ಮ, ಈ ಮಾತ್ರೆ ಪುಡಿ ಮಾಡ್ಬಾರ್ದು ಅಂತ ಆಸ್ಪತ್ರೇಲಿ ಹೇಳಿದಾರೆ."

"ಯಾಕೆ, ತೇಯ್ದರೆ ಔಷಧೀನ ಕಲ್ಲು ತಿಂದುಬಿಡತ್ತಾ? ತೇಯ್ದಷ್ಟೂ ಮೈಗೆ ಹತ್ತತ್ತೆ ಕಣೇ. ನಿನ್ನ ಗಂಡನಿಗೆ ಜ್ವರದ ಮಾತ್ರೆನೂ ಇದೇ ಕಲ್ಲಲ್ಲಿ ತೇಯ್ದು ನೆಕ್ಕಿಸಿದೀನಿ. ನೋಡು, ಎಂಥಾ ಹೊಟ್ಟೆ ಬೆಳೆಸ್ಕೊಂಡು ಕೂತಿದಾನೆ."

ಪೇಪರಿನ ಹಿಂದಿನಿಂದ ಯಜಮಾನರು ನಕ್ಕರು.

ಅಂದಿನಿಂದ ಮಾತ್ರೆ ದೇವರಮನೆಯ ಗೂಡಿಗೆ ಹೋಯಿತು. ದೊಡ್ಡಮ್ಮ ಸ್ನಾನ ಮುಗಿಸಿ ಮಡಿಯುಟ್ಟರೆ ಪೂಜೆಯಾಗುವವರೆಗೆ ಅಲ್ಲಿ ಯಾರೂ ಏನೂ ಮುಟ್ಟುವಂತಿಲ್ಲ. ಪೂಜೆ, ತೀರ್ಥ, ಆಮೇಲೆ ಸಾಣೆಕಲ್ಲು. ನಾನು ಯಜಮಾನರನ್ನು ಹಿಂದಿನ ಅಂಗಳಕ್ಕೆ ಕರೆದು ಕೇಳಿದೆ, ಸಿಸ್ಟರ್ ಹೇಳಿದಾಗ ನೀವೂ ಅಲ್ಲೇ ಇದ್ರಲ್ಲ ಅಂತ.

"ಇದ್ದೆ. ಅವರು ಎಲ್ಲಾರಿಗೂ ಹಾಗೇ ಹೇಳ್ತಾರೆ. ಅಮ್ಮಂಗೆ ನುಂಗಕ್ಕಾಗ್ತಿಲ್ಲ, ದೊಡ್ಡಮ್ಮ ಪ್ರೀತಿಯಿಂದ ಕೊಡ್ತಿದಾರೆ. ಹೊಟ್ಟೆಗೆ ಹೋದ್ರೆ ಸಾಕಲ್ವಾ?"

ಒಂದು ದಿನ ದೊಡ್ಡಮ್ಮ ಸ್ನಾನಕ್ಕೆ ಹೋದಾಗ ನಾನೇ ಗೂಡಿನಿಂದ ಮಾತ್ರೆ ತೆಗೆದು ಮೊಸರಿನಲ್ಲಿ ನುಂಗಿಸಿದೆ. ಅವರು ಬಂದ ಮೇಲೆ, ಆಗಿದೆ, ಇನ್ನೊಂದು ಕೊಡಬೇಡಿ ಎಂದೆ. ದೊಡ್ಡಮ್ಮ ಆ ದಿನ ಊಟಕ್ಕೆ ಕರೆದರೆ ಏಳಲಿಲ್ಲ. "ನಾನು ವಿಷ ಹಾಕ್ತೀನಿ ಅಂದ್ಕೊಂಡಿದಾಳಪ್ಪಾ ನಿನ್ನ ಹೆಂಡ್ತಿ. ಮಡೀಲಿಟ್ಟಿದ್ದಕ್ಕೆ ಕೈ ಹಾಕಿದಾಳೆ," ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ಯಜಮಾನರು ನನ್ನ ಹತ್ತಿರ ಬಂದು ಮೆಲ್ಲಗೆ, ಹೋಗಿ ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡು ಎಂದರು. ಹೇಳಿದೆ. ಎಲೆ ಹಾಕಿ ಬಡಿಸಿದೆ. ಅವರು ಪಲ್ಯ ಇನ್ನಷ್ಟು ಕೇಳಿ ಹಾಕಿಸಿಕೊಂಡರು.

ಆಮೇಲೆ ಶುರುವಾಯಿತು ತಲೆ ತಿರುಗುವುದು. ಬೆಳಗಿನ ತಿಂಡಿಯಾಗಿ ಸ್ವಲ್ಪ ಹೊತ್ತಿಗೆ ಅತ್ತೆಯ ಹಣೆ ಬೆವರುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಬಚ್ಚಲಿಗೆ ಹೊರಟವರು ಗೋಡೆ ಹಿಡಿದು ನಿಂತುಬಿಡುತ್ತಿದ್ದರು. ಬಿಪಿ ನೋಡಿದರೆ ಪಾತಾಳದಲ್ಲಿ. ಬಸವನಗುಡಿಯಿಂದ ನಾದಿನಿ ಆಟೋದಲ್ಲಿ ಓಡಿ ಬಂದಳು. ಬರುವಾಗ ವಿಶ್ವೇಶ್ವರಪುರದಿಂದ ಹಪ್ಪಳ, ಸಂಡಿಗೆ, ಹುಣಸೆ ತೊಕ್ಕು ತಂದಿದ್ದಳು.

"ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಉಪ್ಪೇ ಹಾಕ್ದೆ ಅಮ್ಮನ್ನ ಒಣಗಿಸಿಬಿಟ್ಟಿದೀರ. ಮನುಷ್ಯರ ಮೈಗೆ ಉಪ್ಪು ಬೇಡ್ವಾ?"

"ಉಪ್ಪಲ್ಲ. ಮಾತ್ರೆ ತೇಯ್ತಿರೋದಕ್ಕೆ ಹೀಗಾಗ್ತಿದೆ."

"ಮತ್ತೆ ಅದೇನಾ? ದೊಡ್ಡಮ್ಮ ಕೇಳಿಸ್ಕೊಂಡ್ರೆ ನೊಂದ್ಕೋತಾರೆ."

ದೊಡ್ಡಮ್ಮ ಅಲ್ಲೇ ಕೂತು ಹಪ್ಪಳದ ಕಟ್ಟು ಬಿಚ್ಚುತ್ತಿದ್ದರು. ಕೇಳಿಸಿಕೊಂಡಿದ್ದರು. ಆ ಮಧ್ಯಾಹ್ನ ಅತ್ತೆಯ ತಟ್ಟೆಗೆ ಸುಟ್ಟ ಹಪ್ಪಳವೂ ತೊಕ್ಕೂ ಬಿದ್ದವು. ಅತ್ತೆ ತಮ್ಮ ಬಲಗೈಯಿಂದಲೇ ಮುರಿದು, ನನ್ನ ಮುಖ ನೋಡುತ್ತಲೇ ತಿಂದರು.

ಡಾಕ್ಟರ ಹತ್ತಿರ ಹೋದದ್ದೂ ಬೆಳಗ್ಗೆಯೇ. ಸಾಯಂಕಾಲ ಟ್ರಾಫಿಕ್ ಎಂದರು ಯಜಮಾನರು. ಸಾಣೆಕಲ್ಲಿನಿಂದ ಎದ್ದು ನೇರವಾಗಿ ಕ್ಲಿನಿಕ್ಕಿಗೆ ಹೋದ ಹಾಗೆ, ಬಿಪಿ ತಳಕ್ಕಿಳಿದಿರುವ ಹೊತ್ತು. ಡಾಕ್ಟರು ಬಿಪಿ ನೋಡಿ, "ತುಂಬಾ ಕಮ್ಮಿ ಇದೆಯಲ್ಲ, ಡೋಸ್ ಅರ್ಧಕ್ಕಿಳಿಸೋಣ," ಎಂದು ಬರೆಯತೊಡಗಿದರು.

"ಸಾರ್, ಆ ಮಾತ್ರೆ ನಮ್ಮನೇಲಿ..." ಎಂದೆ.

"ಒಂದು ದಿನಾನೂ ತಪ್ಪಿಸಿಲ್ಲ ಸಾರ್," ಎಂದರು ಯಜಮಾನರು.

"ಅದಲ್ಲ, ತೇಯ್ದು..."

"ಅತ್ತಿಗೆ, ಹೊರಗೆ ಜನ ಕಾಯ್ತಿದಾರೆ," ಎಂದು ನಾದಿನಿ ನನ್ನ ಮೊಣಕೈ ಹಿಡಿದಳು. ಡಾಕ್ಟರು ಆಗಲೇ ಗಂಟೆ ಒತ್ತಿದ್ದರು. ಮುಂದಿನವರು ಒಳಗೆ ಕಾಲಿಟ್ಟಿದ್ದರು. ಅಲ್ಲೇ ನಿಂತು ಕೂಗಿ ಹೇಳಬಹುದಿತ್ತಲ್ಲ ಎಂದು ನನಗೆ ಆಮೇಲೆ ಹೇಳಿದವರಿದ್ದಾರೆ. ಅವರು ಬಂದು ಈ ಮನೆಯಲ್ಲಿ ಸೊಸೆಯಾಗಿದ್ದು ನೋಡಲಿ.

ಅರ್ಧ ಡೋಸಿನ ಮಾತ್ರೆಯೂ ಕಲ್ಲಿಗೇ ಹೋಯಿತು. ತಲೆ ತಿರುಗುವುದು ನಿಂತಿತು. ಮನೆಯವರೆಲ್ಲ ಗೆದ್ದರು. ದೊಡ್ಡಮ್ಮ ಬೆಳಗ್ಗೆ ಮಾತ್ರೆ ಕೊಟ್ಟಾದ ಮೇಲೆ ಯಜಮಾನರು ಬಿಪಿ ನೋಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು, ಎಲ್ಲಾ ದೊಡ್ಡಮ್ಮನ ಕೈಗುಣ ಎಂಬ ಮಾತುಗಳು. ತೊಕ್ಕಿನ ಭರಣಿ ಊಟದ ಮೇಜಿನ ಮೇಲೆ ಖಾಯಂ ಆಯಿತು.

ಸಾಯಂಕಾಲದ ಬಿಪಿ ನೋಡುತ್ತಿದ್ದವಳು ನಾನೊಬ್ಬಳೇ. ದೀಪ ಹಚ್ಚುವ ಹೊತ್ತಿಗೆ ಅತ್ತೆಗೆ ಹಿಂದಲೆ ನೋಯುತ್ತಿತ್ತು. ಪಟ್ಟಿ ಕಟ್ಟಿದರೆ ಅಂಕಿ ಎಲ್ಲೋ ಹೋಗಿರುತ್ತಿತ್ತು. ಯಂತ್ರವನ್ನೇ ಎತ್ತಿಕೊಂಡು ಹೋಗಿ ಯಜಮಾನರ ಮುಂದೆ ಹಿಡಿದೆ.

"ನೀನು ನೋಡಿದಾಗ್ಲೇ ಯಾಕೆ ಏರತ್ತೆ ಅಂತ?" ಎಂದರು. ಅವರೊಡನೆ ಫೋನಿನಲ್ಲಿದ್ದ ನಾದಿನಿಯೂ ನಕ್ಕಳು. "ಅತ್ತಿಗೆ ಮುಖ ನೋಡಿದ್ರೆ ನನಗೂ ಏರತ್ತೆ ಬಿಡೋ."

ತಮಾಷೆಗೆ ಹೇಳಿದ್ದು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು.

ಲಕ್ವ ಮತ್ತೆ ಹೊಡೆದದ್ದೂ ಒಂದು ಸಾಯಂಕಾಲವೇ. ಅತ್ತೆ ಕುರ್ಚಿಯಲ್ಲಿ ಕೂತು ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದರು. ಬಲಗೈ ತಟ್ಟೆಯಿಂದ ಮೇಲೆದ್ದಿತು, ಎದೆಯ ಮಟ್ಟದಲ್ಲಿ ನಿಂತಿತು, ಬೆರಳು ಬಿಚ್ಚಿಕೊಂಡು ಅವಲಕ್ಕಿಯೆಲ್ಲ ಸೀರೆಯ ಮೇಲೆ ಉದುರಿತು. ಅತ್ತೆ ಆ ಕೈಯನ್ನೇ ನೋಡಿದರು, ಬೇರೆ ಯಾರದ್ದೋ ಕೈ ನೋಡುವ ಹಾಗೆ. "ಏನಾಯ್ತೇ?" ಎಂದು ದೊಡ್ಡಮ್ಮ ಕೇಳಿದರು. ಉತ್ತರ ಹೇಳಲು ಬಾಯಿ ತೆರೆಯಿತು, ಮಾತು ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳುವಾಗ ಅಲ್ಲಿನ ಸಿಸ್ಟರ್ ಕೇಳಿದರು, ಬಿಪಿ ಮಾತ್ರೆ ಸರಿಯಾಗಿ ತಗೋತಿದ್ರಾ? "ಕರೆಕ್ಟಾಗಿ. ಒಂದಿನಾನೂ ತಪ್ಪಿಸಿಲ್ಲ," ಎಂದರು ಯಜಮಾನರು, ಮತ್ತದೇ ಮಾತು.

"ತೇಯ್ದು ಕೊಡ್ತಿದ್ರು," ಎಂದೆ. "ಇಡೀ ಮಾತ್ರೆ ಕೊಡಬೇಕು ಅಂತ ಹೇಳಿ ಕಳಿಸಿದ್ರು. ಕಲ್ಲಲ್ಲಿ ತೇಯ್ದು ಜೇನುತುಪ್ಪದಲ್ಲಿ ಕೊಡ್ತಿದ್ರು. ಬೆಳಗ್ಗೆ ಇಳೀತಿತ್ತು, ಸಾಯಂಕಾಲ ಏರ್ತಿತ್ತು."

ಡ್ಯೂಟಿ ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು, ಯಜಮಾನರನ್ನು ನೋಡಿದರು, ಮತ್ತೆ ಬರೆದುಕೊಂಡರು. ಹೊರಗೆ ಬೆಂಚಿನ ಹತ್ತಿರ ನಾದಿನಿ ಅಳುತ್ತಲೇ ನನ್ನ ಮೇಲೆ ಹರಿಹಾಯ್ದಳು. "ದೊಡ್ಡಮ್ಮ ಪಕ್ಕದಲ್ಲೇ ನಿಂತಿದ್ರಲ್ಲ ಅತ್ತಿಗೆ. ಅಷ್ಟು ಜನರ ಮುಂದೆ ಹೇಳ್ಬೇಕಿತ್ತಾ? ಅಮ್ಮನ ಸ್ಥಿತಿ ಹೀಗಿರೋವಾಗ ನಿಮಗೆ ನಿಮ್ಮ ಮಾತು ನಿಜ ಆಗೋದೇ ಮುಖ್ಯ ಆಯ್ತಾ?"

ಮೂರನೆಯ ದಿನ ದೊಡ್ಡಮ್ಮ ಮೈಸೂರಿಗೆ ಹೊರಟುಬಿಟ್ಟರು. ಯಜಮಾನರು ಸ್ಟೇಷನ್ನಿಗೆ ಬಿಟ್ಟು ಬಂದು, "ಈ ವಯಸ್ಸಲ್ಲಿ ಅವರಿಗೆ ಇಂಥ ಮಾತು ಬೇಕಿತ್ತಾ," ಎಂದಷ್ಟೇ ಹೇಳಿ ಒಳಗೆ ಹೋದರು. ನೆಂಟರೆಲ್ಲ ಮೈಸೂರಿಗೆ ಫೋನು ಮಾಡಿ ದೊಡ್ಡಮ್ಮನಿಗೆ ಸಮಾಧಾನ ಹೇಳಿದರಂತೆ. ಈ ಮನೆಗೂ ಫೋನುಗಳು ಬಂದವು, ಅತ್ತೆ ಹೇಗಿದ್ದಾರೆ ಎಂದು ಕೇಳಲು. ಬಂದು ನೋಡಿದವರಿಗೆಲ್ಲ ಯಜಮಾನರು ಒಂದೇ ಕಥೆ ಹೇಳುತ್ತಾರೆ: ವಯಸ್ಸಾಯ್ತು, ಸಪ್ಪೆ ಊಟ, ಮೈಯಲ್ಲಿ ಶಕ್ತಿ ಇರಲಿಲ್ಲ. ನಾನು ಕಾಫಿ ತಂದಿಟ್ಟು ಹೋಗುತ್ತೇನೆ.

ಈಗ ಅತ್ತೆಗೆ ಮೂಗಿನ ನಳಿಗೆಯಲ್ಲಿ ಊಟ. ಮಾತ್ರೆ ಬದಲಾಗಿದೆ, ಇದನ್ನು ಪುಡಿ ಮಾಡಿ ನೀರಿನಲ್ಲಿ ಕರಗಿಸಬಹುದು. ಅದನ್ನು ನಾನೇ ಮಾಡುತ್ತೇನೆ. ತಲೆದಿಂಬು ಎತ್ತರಿಸುವುದು, ಮಗ್ಗುಲು ಬದಲಿಸುವುದು, ಬೆನ್ನು ಒರೆಸಿ ಪೌಡರು ಹಾಕುವುದು, ಸಾಯಂಕಾಲದ ಬಿಪಿ, ಎಲ್ಲವೂ ನನ್ನದೇ. ಈಗ ಯಾರೂ ಅಡ್ಡ ಬರುವುದಿಲ್ಲ.

ಬಲಗೈ ಸತ್ತಿದೆ. ಎಡಗೈಗೆ ಮಾತ್ರ ಬಲವಿದೆ. ಗಂಜಿ ಬಿಡಲು ಹೋದಾಗ ಆ ಕೈ ಮೇಲೆದ್ದು ನಳಿಗೆಯನ್ನು ಹಿಡಿದು ಎಳೆಯುತ್ತದೆ. ಎರಡು ಸಲ ಕಿತ್ತೇ ಹಾಕಿದ್ದಾರೆ, ಮೂಗಿನಿಂದ ರಕ್ತ ಬಂದಿದೆ, ಮತ್ತೆ ಆಸ್ಪತ್ರೆಗೆ ಹೋಗಿ ಹಾಕಿಸಿದ್ದಾಗಿದೆ. ಆ ಹೊತ್ತಿಗೆ ಕೈ ಕಟ್ಟಿರಿ ಎಂದು ಅಲ್ಲಿಯವರೇ ಹೇಳಿಕೊಟ್ಟರು. ಅವರದೇ ಹಳೆಯ ನೂಲಿನ ಸೀರೆ ಹರಿದು ಅಗಲವಾದ ಪಟ್ಟಿ ಮಾಡಿಕೊಂಡಿದ್ದೇನೆ. ಮಂಚದ ಸರಳಿಗೆ ಸುತ್ತಿ ಕಟ್ಟುವಾಗ ಅತ್ತೆ ನನ್ನನ್ನು ನೋಡುತ್ತಾರೆ. ಆ ಕಣ್ಣಿನಲ್ಲಿ ಗೊಂದಲವೇನೂ ಇಲ್ಲ. ತಮ್ಮ ಕೈಯಿಂದ ಊಟ ಕಿತ್ತುಕೊಂಡವಳು ನಾನೇ ಎಂದು ಅವರು ತೀರ್ಮಾನಿಸಿಯಾಗಿದೆ. ಹೌದೋ ಅಲ್ಲವೋ ಎಂದು ಹೇಳಬೇಕಾದ ಯಜಮಾನರು ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿರುತ್ತಾರೆ. ಗಂಟು ಬಿಗಿಯಾಗಿಲ್ಲ ತಾನೇ ಎಂದು ಎರಡು ಬೆರಳು ತೂರಿಸಿ ನೋಡಿ, ನಾನು ಗಂಜಿ ಬಿಡುತ್ತೇನೆ.